ಹುಲ್ಡಾ ಪೆಲ್ ಹೇಳಿದ ‘ಇಲ್ಲ’

ಲೈಮನ್ ಪೆಲ್ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕಲು ಕೂತನೆಂದರೆ ಸಾಕು, ಅವನ ಮನೆಯ ಕೋಳಿಗಳು ತಾವಾಗಿಯೇ ಹೋಗಿ ಬುಟ್ಟಿಯೊಳಗೆ ಕೂರುತ್ತವೆ ಎಂದು ನಮ್ಮ ಕಡೆ ಜನ ನಗಾಡುತ್ತಿದ್ದರು. ಈ ಮಾತು ಹುಟ್ಟಿದ್ದು ಒಹಾಯೊದಲ್ಲಿ. ಅವರ ಬಂಡಿಯ ಹಿಂದೆಯೇ ಅದೂ ಇಂಡಿಯಾನಾಕ್ಕೆ ಬಂತು, ಅಲ್ಲಿಂದ ಇಲಿನಾಯ್‌ಗೂ ಬಂತು. ಅಷ್ಟು ಹೊತ್ತಿಗೆ ಲೈಮನ್ನನೇ ಅದನ್ನು ಎಲ್ಲರಿಗಿಂತ ಮೊದಲು ಹೇಳಿ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅವನ ಹೆಂಡತಿ ಹುಲ್ಡಾ ನಗುತ್ತಿರಲಿಲ್ಲ, ಸಿಡುಕುತ್ತಲೂ ಇರಲಿಲ್ಲ. ಕೋಳಿಗಳನ್ನು ಅಂಗಳದ ತುಂಬ ಅಟ್ಟಾಡಿಸಿ ಹಿಡಿದು ಬುಟ್ಟಿಗೆ ತುಂಬುತ್ತಿದ್ದವಳು ಅವಳು. ಅವಳ ಮುಂಗೈ ತುಂಬ ಕುಕ್ಕಿದ ಗಾಯದ ಕಲೆಗಳಿದ್ದವು.

ಲೈಮನ್ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಕುಡಿಯುತ್ತಿರಲಿಲ್ಲ. ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಸೌದೆ ಒಡೆದು ತಂದು ಒಲೆಯ ಪಕ್ಕ ಜೋಡಿಸಿಡುತ್ತಿದ್ದ, ಭಾನುವಾರ ಚರ್ಚಿನಲ್ಲಿ ಎದೆ ತುಂಬಿ ಹಾಡುತ್ತಿದ್ದ. ಕೆಟ್ಟವನಾಗಿದ್ದರೆ ಹುಲ್ಡಾಳ ಪರ ಮಾತಾಡಲು ನಾಲ್ಕು ಜನರಾದರೂ ಇರುತ್ತಿದ್ದರು. ಅವನಿಗಿದ್ದದ್ದು ಒಂದೇ ರೋಗ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದ. ಎಲ್ಲಿ ನಿಂತರೂ ಕಣ್ಣು ಸೂರ್ಯ ಮುಳುಗುವ ದಿಕ್ಕಿಗೇ. ಪಕ್ಕದ ಬಯಲಿಗೆ ಹೊಸಬರು ಬಂದು ಮನೆ ಕಟ್ಟಿ, ಅವರ ಒಲೆಯ ಹೊಗೆ ಕಂಡಿತೆಂದರೆ ಇವನಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ‘ಜನ ಜಾಸ್ತಿ ಆದ್ರು ಕಣೆ ಹುಲ್ಡಾ’ ಎನ್ನುತ್ತಿದ್ದ. ಆ ಮಾತು ಬಂತೆಂದರೆ ಹಿಮ ಕರಗಿದ ಮೇಲೆ ಬಂಡಿ ಹೊರಟಿತೆಂದೇ ತಿಳಿಯಬೇಕು.

ಇಬ್ಬರೂ ವರ್ಮಾಂಟ್‌ನ ಗುಡ್ಡದ ಊರಿನವರು. ಅಲ್ಲಿ ನೆಲ ಉತ್ತರೆ ಮೇಲೇಳುವುದು ಬರೀ ಕಲ್ಲು. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಲೈಮನ್ ನ್ಯೂಯಾರ್ಕ್ ಸೀಮೆಯ ಪಡುವಣ ಭಾಗಕ್ಕೆ ಹೋಗೋಣವೆಂದ. ಹುಲ್ಡಾಳ ತಾಯಿ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು, ‘ಚಳಿಗಾಲಕ್ಕೆ ಜಾರುಬಂಡಿ ಕಟ್ಕೊಂಡು ಒಂದ್ಸಲ ಬಂದು ಹೋಗ್ರಪ್ಪ’ ಎಂದಳು. ‘ಬರ್ತೀವಮ್ಮ’ ಎಂದಳು ಹುಲ್ಡಾ. ಹೋಗಲಿಲ್ಲ. ಹಾಗೆ ಪಡುವಣಕ್ಕೆ ಹೊರಟವರು ಯಾರೂ ತಿರುಗಿ ಹೋಗುವುದಿಲ್ಲ. ಅದು ಕರೆಯುವವರಿಗೂ ಗೊತ್ತು, ಬರುತ್ತೇವೆನ್ನುವವರಿಗೂ ಗೊತ್ತು. ತಾಯಿ ತೀರಿಕೊಂಡ ಸುದ್ದಿ ಒಹಾಯೊದ ಮನೆಗೆ ಬರುವ ಹೊತ್ತಿಗೆ ಮಣ್ಣು ಮಾಡಿ ಒಂದು ಬೇಸಿಗೆಯೇ ಕಳೆದಿತ್ತು. ಹುಲ್ಡಾ ಅಂಗಳದಲ್ಲಿ ಬೂದಿನೀರಿಗೆ ಕೊಬ್ಬು ಹಾಕಿ ಸೋಪು ಕುದಿಸುತ್ತಿದ್ದಳು. ಅರ್ಧಕ್ಕೆ ಬಿಟ್ಟರೆ ಸೋಪು ಕೆಡುತ್ತದೆ. ಸೌಟು ಕೈಯಲ್ಲಿ ಹಿಡಿದು ತಿರುವುತ್ತಲೇ ಅತ್ತಳು.

ಆಗಿನ್ನೂ ಅವಳಿಗೆ ಅಳು ಬರುತ್ತಿತ್ತು. ಮೊದಲ ಮಗ ಏಸಾ ನ್ಯೂಯಾರ್ಕ್ ಸೀಮೆಯಲ್ಲಿ ಗಂಟಲು ಬೇನೆಯಿಂದ ಹೋದಾಗ ಅವಳು ತಿಂಗಳುಗಟ್ಟಲೆ ಅತ್ತಿದ್ದಳು. ಅವನ ಗೋರಿಯ ಮೇಲೆ ಹುಲ್ಲು ಬೇರುಬಿಡುವ ಮೊದಲೇ ಬಂಡಿ ಹೊರಟಿತು. ಒಹಾಯೊದಲ್ಲಿ ಹೆಸರಿಡುವುದಕ್ಕೂ ಮೊದಲು ಒಂದು ಹೆಣ್ಣು ಕೂಸು ಹೋಯಿತು. ಅಲ್ಲಿಂದಲೂ ಹೊರಟರು. ಇಂಡಿಯಾನಾದಲ್ಲಿ ವಾಬಾಷ್ ಹೊಳೆಯ ಬದಿಯ ಜೌಗು ನೆಲ, ಊರಿಗೆ ಊರೇ ಚಳಿಜ್ವರದಲ್ಲಿ ನಡುಗುತ್ತಿತ್ತು. ಮಾತು ಕಲಿತು, ಹಾಡು ಕಲಿತು, ತಾಯಿಯ ಲಂಗದ ಅಂಚು ಹಿಡಿದು ಓಡಾಡುತ್ತಿದ್ದ ರೂತ್ ಅಲ್ಲಿ ಹೋದಳು. ಮಣ್ಣು ಮಾಡಿ ಮನೆಗೆ ಬಂದ ಹುಲ್ಡಾ ತೋಳು ಮಡಚಿ ಪಾತ್ರೆ ತೊಳೆದಳು, ನಾಳೆಯ ರೊಟ್ಟಿಗೆ ಹಿಟ್ಟು ನಾದಿ ಇಟ್ಟಳು. ಕಣ್ಣಲ್ಲಿ ಒಂದು ಹನಿ ಇಲ್ಲ. ‘ಗಟ್ಟಿ ಹೆಂಗಸು’ ಎಂದರು ನೆರೆಯವರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಚಳಿಗಾಲದಲ್ಲಿ ಹಳ್ಳದ ನೀರಲ್ಲಿ ಬಟ್ಟೆ ಒಗೆದವರಿಗೆ ಅದು ಗೊತ್ತು: ಮೊದಲು ಬೆರಳು ಕಿತ್ತು ಬರುವ ಹಾಗೆ ನೋಯುತ್ತದೆ, ಆಮೇಲೆ ನೋವೇ ಇರುವುದಿಲ್ಲ, ಬೆರಳೂ ಇದ್ದ ಹಾಗೆ ಇರುವುದಿಲ್ಲ.

ಅಲ್ಲಿಂದ ಮುಂದೆ ಅವಳು ಎಲ್ಲದರಲ್ಲೂ ಹಾಗೇ ಆದಳು. ಹೊಸ ಜಾಗಕ್ಕೆ ಹೋದಾಗಲೂ ಪೆಟ್ಟಿಗೆಯ ಮೇಲಿನ ಅರ್ಧ ಮಾತ್ರ ಬಿಚ್ಚಿದಳು. ಕೆಳಗಿನ ಅರ್ಧ ಕಟ್ಟಿದ ಹಾಗೇ ಇತ್ತು. ಕಿಟಕಿಗೆ ಪರದೆ ಹಾಕಲಿಲ್ಲ. ನೆರೆಯವರ ಮಕ್ಕಳ ಹೆಸರು ಕೇಳುತ್ತಿರಲಿಲ್ಲ, ‘ಪುಟ್ಟಾ, ಬಾ’ ಎಂದರೆ ಎಲ್ಲರಿಗೂ ಆಯಿತು. ಉಳಿದವರು ಮಗಳು ಜಿಲ್ಫಾ ಮತ್ತು ಇಬ್ಬರು ಗಂಡುಮಕ್ಕಳು. ಗಂಡುಮಕ್ಕಳು ಪೂರ್ತಿ ಅಪ್ಪನ ಹಾಗೆ. ಹೊರಡುವುದೆಂದರೆ ಹಬ್ಬ ಅವರಿಗೆ.

ಪ್ರತಿ ಸಲ ಜಮೀನು ಮಾರುವಾಗಲೂ ಒಂದು ಶಾಸ್ತ್ರವಿತ್ತು. ಕಾಗದಕ್ಕೆ ಗಂಡ ಸಹಿ ಹಾಕಿದರೆ ಸಾಲದು, ಹೆಂಡತಿಯನ್ನು ಬೇರೆ ಕೋಣೆಗೆ ಕರೆದು, ಗಂಡನ ಕಣ್ಣಿಗೆ ಬೀಳದ ಹಾಗೆ ಕೂರಿಸಿ, ಊರಿನ ನ್ಯಾಯದ ಯಜಮಾನ ಅವಳನ್ನು ಕೇಳಬೇಕು. ಅವನನ್ನು ಸ್ಕ್ವಾಯರ್ ಎನ್ನುತ್ತಾರೆ. ಅಂಗಡಿಯವನೋ ಗಿರಣಿಯವನೋ ಆಗಿರುತ್ತಾನೆ, ಓಟು ಹಾಕಿ ಆರಿಸಿರುತ್ತಾರೆ. ನ್ಯೂಯಾರ್ಕ್ ಸೀಮೆಯ ಸ್ಕ್ವಾಯರ್ ಕೋಣೆಗೆ ಬಂದು, ಕೂರುವುದಕ್ಕೂ ಮೊದಲೇ, ‘ಒಪ್ಪಿಗೆ ಇದೆಯಲ್ಲಮ್ಮ?’ ಎಂದ. ‘ಹೌದು’ ಎಂದಳು. ಒಹಾಯೊದವನು ಬಾಗಿಲಲ್ಲಿ ತಲೆ ಇಣುಕಿಸಿ, ‘ಒಪ್ಪಿಗೆ ತಾನೇ?’ ಎಂದ. ‘ಹೌದು.’ ಇಂಡಿಯಾನಾದವನು ಕೇಳಲೂ ಇಲ್ಲ, ಹುಬ್ಬು ಮೇಲೆತ್ತಿದ. ಇವಳು ತಲೆಯಾಡಿಸಿದಳು. ಮೂರು ಮನೆ ಹೀಗೇ ಕೈಬಿಟ್ಟವು.

ಇಲಿನಾಯ್‌ನ ಹುಲ್ಲುಬಯಲಿಗೆ ಬಂದ ಮೇಲೆ ಮಾತ್ರ ಲೈಮನ್ ಯಾಕೋ ನಿಂತ. ನೆಲ ಬೆಣ್ಣೆಯ ಹಾಗಿತ್ತು, ನೆರೆಹೊರೆ ದೂರವಿತ್ತು. ಮೊದಲ ಸಲ ಹಲಗೆಯ ನೆಲದ ಮನೆ ಕಟ್ಟಿದ, ಗಾಜಿನ ಕಿಟಕಿ ಇಟ್ಟ, ಬಾವಿಗೆ ಕಲ್ಲು ಕಟ್ಟಿಸಿದ. ಅಲ್ಲಿ ಜಿಲ್ಫಾ ದೊಡ್ಡವಳಾದಳು, ಹಳ್ಳದಾಚೆಯ ಈಬೆನ್ ಕ್ರೇನ್ ಎಂಬುವನನ್ನು ಮದುವೆಯಾದಳು. ಹುಲ್ಡಾಳ ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಮಗಳ ಒಲೆಯ ಹೊಗೆ ಕಾಣುತ್ತಿತ್ತು. ಬೆಳಿಗ್ಗೆ ಹಾಲು ಕರೆದು ಬಂದು ಅವಳು ಮೊದಲು ನೋಡುತ್ತಿದ್ದದ್ದು ಅದನ್ನು. ಹೊಗೆ ಬೇಗ ಎದ್ದರೆ, ‘ಇವತ್ತು ರೊಟ್ಟಿ ಸುಡ್ತಾಳೆ’ ಎಂದುಕೊಳ್ಳುವಳು. ತಡವಾದರೆ, ‘ಇನ್ನೂ ಎದ್ದಿಲ್ಲ, ಸೋಮಾರಿ’ ಎಂದು ತುಟಿಯಂಚಲ್ಲಿ ನಗುವಳು. ಜಿಲ್ಫಾ ಬಸುರಿ ಎಂದು ತಿಳಿದ ವಾರ ಹುಲ್ಡಾ ಪೆಟ್ಟಿಗೆಯ ತಳದ ಗಂಟು ಬಿಚ್ಚಿದಳು. ವರ್ಮಾಂಟ್‌ನಿಂದ ತಂದಿದ್ದ ಪರದೆ ಮಡಿಕೆಯಲ್ಲೇ ಹಳದಿಯಾಗಿತ್ತು. ಒಗೆದು ಕಿಟಕಿಗೆ ಕಟ್ಟಿದಳು.

ಆ ಚಳಿಗಾಲವೇ ಲೈಮನ್ ಗಿರಣಿಯಿಂದ ಮೂಟೆಯ ಜೊತೆಗೆ ಅಯೊವಾದ ಸುದ್ದಿಯನ್ನೂ ಹೊತ್ತುಕೊಂಡು ಬಂದ. ಊಟಕ್ಕೆ ಕೂತವನು ಹಂದಿಮಾಂಸದ ತುಂಡನ್ನು ತಟ್ಟೆಯಲ್ಲಿ ಅತ್ತಿಂದಿತ್ತ ತಳ್ಳುತ್ತಿದ್ದ. ಹುಲ್ಡಾಗೆ ಆಗಲೇ ಅರ್ಥವಾಯಿತು.

‘ಅಯೊವಾದಲ್ಲಿ ಹುಲ್ಲು ಕುದುರೆ ಹೊಟ್ಟೆ ಮುಟ್ಟುತ್ತಂತೆ ಕಣೆ’ ಎಂದ.

‘ಇಲ್ಲೂ ಮುಟ್ಟುತ್ತಿತ್ತು, ನಾವು ಬಂದಾಗ.’

‘ಈಗ ಮುಟ್ಟುತ್ತಾ?’

‘ಈಗ ಹೊಲ ಆಗಿದೆಯಲ್ಲ ರೀ. ನೀವೇ ಉತ್ತಿದ್ದು.’

‘ಅದೇ ಮತ್ತೆ’ ಎಂದ ಲೈಮನ್, ವಾದ ಗೆದ್ದವನ ಹಾಗೆ.

ಹುಲ್ಡಾ ಮೆಕ್ಕೆಜೋಳದ ರೊಟ್ಟಿ ಅವನ ತಟ್ಟೆಗೆ ಹಾಕಿದಳು. ‘ಜಿಲ್ಫಾಗೆ ಮೇ ತಿಂಗಳು ಹೆರಿಗೆ’ ಎಂದಳು.

‘ಈಬೆನ್ ತಾಯಿ ಇದ್ದಾಳಲ್ಲ, ನೋಡ್ಕೋತಾಳೆ. ಆಮೇಲೆ ಅವರೂ ನಮ್ಮ ಹಿಂದೇನೇ ಬರ್ತಾರೆ, ನೋಡ್ತಿರು.’

‘ಈಬೆನ್ ಬರಲ್ಲ. ಅವನದು ಅಪ್ಪನ ಕಾಲದ ಜಮೀನು.’

‘ಬಂದೇ ಬರ್ತಾನೆ. ಇದೇ ಕೊನೆ ಹುಲ್ಡಾ. ಆಮೇಲೆ ನೀನು ಕೂರು ಅಂದ ಕಡೆ ಕೂರ್ತೀನಿ.’

ಇದೇ ಕೊನೆ ಎಂಬ ಮಾತನ್ನು ಅವನು ಹೋದ ಕಡೆಯೆಲ್ಲ ಹೇಳಿದ್ದ, ಪ್ರತಿ ಸಲವೂ ಪ್ರಾಮಾಣಿಕವಾಗಿಯೇ ಹೇಳಿದ್ದ. ಸುಳ್ಳುಗಾರನನ್ನಾದರೂ ಬೈಯಬಹುದು. ಇಂಥವನ ಜೊತೆ ಏನು ಜಗಳ ಆಡುವುದು? ಹುಲ್ಡಾ ತಟ್ಟೆ ಎತ್ತಿದಳು. ಫೆಬ್ರವರಿ ಮುಗಿಯುವುದರೊಳಗೆ ಪೆನ್ಸಿಲ್ವೇನಿಯಾದಿಂದ ಸ್ಟೌಫರ್ ಎಂಬುವನು ಬಂದು, ಬಾವಿಯೊಳಗೆ ಇಣುಕಿ ನೋಡಿ, ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ, ಕೊಳ್ಳುತ್ತೇನೆಂದ. ಸಹಿಗೆ ಮುಂದಿನ ಗುರುವಾರವೆಂದು ನಿಗದಿಯಾಯಿತು.

ಜಿಲ್ಫಾ ತಾಯಿಯ ಹಾಗಲ್ಲ. ಸುದ್ದಿ ಕಿವಿಗೆ ಬಿದ್ದದ್ದೇ ಕೆಸರಿನಲ್ಲಿ ಬೂಟು ಮೆತ್ತಿಸಿಕೊಂಡು, ಹೊಟ್ಟೆ ಹೊತ್ತುಕೊಂಡು, ಹಳ್ಳ ದಾಟಿ ಬಂದಳು. ಹುಲ್ಡಾ ಬೆಣ್ಣೆ ಕಡೆಯುತ್ತಿದ್ದಳು.

‘ನೀನು ಸುಮ್ಮನೆ ಕೂತಿದೀಯಲ್ಲಮ್ಮ’ ಎಂದಳು ಜಿಲ್ಫಾ.

‘ಕೂತಿಲ್ಲ, ಬೆಣ್ಣೆ ಕಡೀತಿದೀನಿ. ನೀನು ಕೂತ್ಕೋ. ಈ ಕೆಸರಲ್ಲಿ ಯಾಕೆ ಬಂದೆ?’

‘ನಮ್ಮತ್ತೆ ಕೈಲಿ ನನ್ನ ಹೆರಿಗೆ ಮಾಡಿಸಿ ಹೋಗ್ತೀಯಾ? ಹಸುಗೆ ಹೇಳೋ ಹಾಗೆ ಹೇಳ್ತಾರೆ ನನಗೆ. ಈ ಕಡೆ ತಿರುಗು, ಆ ಕಡೆ ಸರಿ ಅಂತ.’

‘ಅವರು ಹೆತ್ತು ಸಾಕಿದವರೇ.’

‘ನನಗೆ ನೀನು ಬೇಕು.’ ಜಿಲ್ಫಾ ಕಡೆಗೋಲಿನ ಹಿಡಿಯ ಮೇಲೆ ಕೈ ಇಟ್ಟು ನಿಲ್ಲಿಸಿದಳು. ‘ಇಲ್ಲಿ ಕೇಳು. ಈಬೆನ್ನನ ರೋಡಾ ಚಿಕ್ಕಮ್ಮ ಗೊತ್ತಲ್ಲ? ಹೋದ ವರ್ಷ ಅವರ ಗಂಡ ಜಮೀನು ಮಾರೋಕೆ ಹೊರಟಿದ್ದ. ಕೋಣೆ ಒಳಗೆ ಕರೆದು ಸ್ಕ್ವಾಯರ್ ಕೇಳಿದಾಗ ಇಲ್ಲ ಅಂದುಬಿಟ್ರಂತೆ. ಅಷ್ಟೇ. ವ್ಯಾಪಾರ ಅಲ್ಲೇ ನಿಂತುಹೋಯ್ತು.’

‘ನಿಂತುಹೋಯ್ತಾ?’

‘ಗಂಡ ಸತ್ತರೆ ಮೂರನೇ ಒಂದು ಪಾಲು ಹೆಂಡತೀದಂತೆ. ಅವಳು ಬಿಟ್ಟುಕೊಡದೆ ಯಾವನು ಕೊಳ್ತಾನೆ? ಕಾನೂನು ಅದು ಅಮ್ಮ. ಅದಕ್ಕೇ ಅಲ್ವಾ ನಿನ್ನ ಒಬ್ಬಳನ್ನೇ ಕರೆದು ಕೇಳೋದು? ಸುಮ್ಮನೆ ಕೇಳ್ತಾರೆ ಅಂದ್ಕೊಂಡಿದ್ಯಾ?’

ಹುಲ್ಡಾ ಹಾಗೇ ಅಂದುಕೊಂಡಿದ್ದಳು. ಬಾಗಿಲಿಗೆ ಬಂದವರು ಸೌಖ್ಯವೇ ಎಂದು ಕೇಳುತ್ತಾರಲ್ಲ, ಅದೇ ಥರದ ಮಾತೆಂದುಕೊಂಡಿದ್ದಳು. ಏಸಾನ ಗೋರಿ, ಹೆಸರಿಲ್ಲದ ಕೂಸಿನ ಗೋರಿ, ರೂತಳ ಗೋರಿ, ಮೂರನ್ನೂ ಬಿಟ್ಟು ಬರುವ ಮೊದಲು ಯಾರೋ ತನ್ನನ್ನು ನಿಜವಾಗಿಯೇ ಕೇಳಿದ್ದರು, ತಾನು ಹೌದೆಂದಿದ್ದೆ ಎಂಬುದು ಈಗ ಮಗಳು ಹೇಳಿದ ಮೇಲೆ ತಿಳಿಯಿತು. ತಿಳಿದಾಗ ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ. ಎಲ್ಲೋ ದೂರದಲ್ಲಿ ಯಾರೋ ಬಾಗಿಲು ಹಾಕಿದಷ್ಟು ಸದ್ದು, ಅಷ್ಟೇ.

‘ನಿಮ್ಮಪ್ಪ ಏನಂತಾರೋ’ ಎಂದಳು.

‘ಏನಾದ್ರೂ ಅನ್ನಲಿ. ಹೊಡೀತಾರಾ?’

‘ಛೆ, ಅವರಾ?’

‘ಮತ್ತೇನು? ಒಂದೇ ಮಾತು ಅಮ್ಮ. ಭಾಷಣ ಏನೂ ಮಾಡಬೇಡ, ನಿನಗೆ ಬರೋದೂ ಇಲ್ಲ. ಅವರು ಕೇಳ್ತಾರೆ, ನೀನು ಇಲ್ಲ ಅನ್ನು. ಅಂದು ಎದ್ದು ಬಾ. ಎಲ್ಲಿ, ಈಗ ಅನ್ನು ನೋಡೋಣ.’

‘ಇಲ್ಲ’ ಎಂದಳು ಹುಲ್ಡಾ.

‘ಇದೇನು, ಬೆಕ್ಕಿಗೆ ಹೇಳಿದ ಹಾಗಿದೆ. ಗಟ್ಟಿಯಾಗಿ.’

‘ಇಲ್ಲ.’

‘ಹಾಂ, ಹಾಗೆ’ ಎಂದು ಜಿಲ್ಫಾ ಅತ್ತಳು, ನಕ್ಕಳು, ಮೂಗು ಒರೆಸಿಕೊಂಡಳು.

ಗುರುವಾರದವರೆಗೆ ಹುಲ್ಡಾ ಆ ಮಾತನ್ನು ಬಾಯಲ್ಲಿಟ್ಟುಕೊಂಡು ತಿರುಗಿದಳು. ಹಾಲು ಕರೆಯುತ್ತ ಹೇಳಿಕೊಂಡಳು, ಹಸು ಕಿವಿ ಕೊಡವಿತು. ಬಾವಿಗೆ ಬಕೆಟ್ ಇಳಿಸುತ್ತ ಹೇಳಿಕೊಂಡಳು. ಮಕ್ಕಳಿಗೆ, ಬೀದಿಯಲ್ಲಿ ತವರದ ಪಾತ್ರೆ ಮಾರಿಕೊಂಡು ಬರುವವನಿಗೆ, ತೋಟಕ್ಕೆ ನುಗ್ಗುವ ಹಂದಿಗೆ ಅವಳು ಬೇಕಾದಷ್ಟು ಸಲ ಇಲ್ಲ ಎಂದಿದ್ದಳು. ಲೈಮನ್‌ನ ಯಾವ ವಿಷಯಕ್ಕೂ ಅಂದವಳಲ್ಲ. ನಾಲಿಗೆ ತಡವರಿಸುತ್ತಿತ್ತು. ಬುಧವಾರದ ಹೊತ್ತಿಗೆ ತಡವರಿಕೆ ಹೋಯಿತು. ಅದರ ಮುಂದೆ ಇನ್ನೊಂದು ಮಾತು ಬೇಕಾಗಬಹುದು, ಯಾಕೆ ಎಂದು ಕೇಳಿದರೆ ಏನು ಹೇಳಬೇಕು ಎಂಬುದನ್ನು ಅವಳು ಯೋಚಿಸಲಿಲ್ಲ. ಮಗಳು ಒಂದು ಮಾತು ಎಂದಿದ್ದಳು, ಇವಳು ಒಂದನ್ನೇ ಕಲಿತಳು.

ಸ್ಕ್ವಾಯರ್ ಹ್ಯಾಸ್ಕಲ್‌ಗೆ ಕೂಡುರಸ್ತೆಯಲ್ಲಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಹೋದ ಆಗಸ್ಟಿನಲ್ಲಿ ಹೊಸದಾಗಿ ಆರಿಸಿ ಬಂದವನು. ಹೊಸಬನಾದ್ದರಿಂದ ಎಲ್ಲವನ್ನೂ ಪುಸ್ತಕ ನೋಡಿಯೇ ಮಾಡುತ್ತಿದ್ದ. ಮುಂದಿನ ಕೋಣೆಯಲ್ಲಿ ಲೈಮನ್, ಸ್ಟೌಫರ್ ಇಬ್ಬರನ್ನೂ ಕೂರಿಸಿ, ಲೈಮನ್‌ನ ಸಹಿ ಹಾಕಿಸಿಕೊಂಡು, ‘ಮಿಸೆಸ್ ಪೆಲ್, ನೀವು ಸ್ವಲ್ಪ ಒಳಗೆ ಬನ್ನಿ’ ಎಂದ. ಒಳಗೆಂದರೆ ಅಡುಗೆಮನೆ. ಅಲ್ಲಿ ಅವನ ಹೆಂಡತಿ ಮೊಣಕೈವರೆಗೆ ಹಿಟ್ಟಾಗಿ ಒಣ ಸೇಬಿನ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದಳು.

‘ಇವಳು ಇದ್ದರೆ ಅಡ್ಡಿ ಇಲ್ಲ, ಗಂಡ ಇರಬಾರದು ಅಷ್ಟೇ’ ಎಂದ ಹ್ಯಾಸ್ಕಲ್. ಮೇಜಿನ ತುದಿಯ ಹಿಟ್ಟನ್ನು ತೋಳಿನಿಂದ ಒರೆಸಿ ಕಾಗದ ಇಟ್ಟ, ಮಸಿ ಕುಡಿಕೆ ಇಟ್ಟ, ಪುಸ್ತಕ ತೆರೆದು ಕನ್ನಡಕ ಹಾಕಿಕೊಂಡ. ಬಾಗಿಲು ಎಳೆದುಕೊಂಡ. ಬಾಗಿಲಾಚೆ ಲೈಮನ್ ಅಯೊವಾದ ಹುಲ್ಲಿನ ವಿಚಾರ ಸ್ಟೌಫರ್‌ಗೆ ಹೇಳುವುದು ಕೇಳುತ್ತಿತ್ತು. ಮಾರಿದ ಜಾಗದ ಮಣ್ಣನ್ನು ಹೊಗಳುವುದು ಬಿಟ್ಟು, ತಾನು ಹೋಗಲಿರುವ ಜಾಗವನ್ನು ಹೊಗಳುತ್ತಿದ್ದ ಆ ಪುಣ್ಯಾತ್ಮ.

ಹುಲ್ಡಾ ನೆಟ್ಟಗೆ ಕೂತಳು. ಮಡಿಲಲ್ಲಿ ಕೈ ಜೋಡಿಸಿಕೊಂಡಳು. ಮಾತು ನಾಲಿಗೆಯ ತುದಿಯಲ್ಲೇ ಇತ್ತು.

‘ಈ ಕಾಗದದಲ್ಲಿ ಏನಿದೆ ಅಂತ ತಿಳ್ಕೊಂಡಿದ್ದೀರಲ್ಲ?’ ಎಂದ ಹ್ಯಾಸ್ಕಲ್.

ತಲೆಯಾಡಿಸಿದಳು. ಇಲ್ಲ ಎನ್ನಬೇಕಾದದ್ದು ಇದಕ್ಕಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮುಂದಿನದಕ್ಕೆ ಕಾದಳು.

ಹ್ಯಾಸ್ಕಲ್ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟ. ಗಂಟಲು ಸರಿಮಾಡಿಕೊಂಡ. ಓದುವ ದನಿಯಲ್ಲಿ ಕೇಳಿದ: ‘ಇದಕ್ಕೆ ಸಹಿ ಹಾಕೋದರಲ್ಲಿ ನಿಮಗೆ ಗಂಡನ ಹೆದರಿಕೆಯಾಗಲಿ, ಬಲವಂತವಾಗಲಿ ಇದೆಯಾ?’

‘ಇಲ್ಲ’ ಎಂದಳು ಹುಲ್ಡಾ.

ಗಟ್ಟಿಯಾಗಿಯೇ ಬಂತು. ಹ್ಯಾಸ್ಕಲ್‌ನ ಹೆಂಡತಿ ಲಟ್ಟಣಿಗೆ ನಿಲ್ಲಿಸಿ ನೋಡಿದಳು. ಹುಲ್ಡಾ ಉಸಿರು ಬಿಟ್ಟಳು. ಆಯಿತು, ಇನ್ನು ಸ್ಕ್ವಾಯರ್ ಏಳುತ್ತಾನೆ, ಬಾಗಿಲು ತೆಗೆದು ವ್ಯಾಪಾರ ನಿಂತಿತೆಂದು ಹೇಳುತ್ತಾನೆ ಎಂದುಕೊಂಡಳು. ಅವನು ಏಳಲಿಲ್ಲ. ಸಂತೋಷದಿಂದ ತಲೆಯಾಡಿಸಿ ಏನೋ ಬರೆದುಕೊಂಡ. ಗರಿಯ ಲೇಖನಿಯನ್ನು ಮಸಿಯಲ್ಲಿ ಅದ್ದಿ, ಕುಡಿಕೆಯ ಅಂಚಿಗೆ ಒರೆಸಿ, ಅವಳ ಕಡೆ ಚಾಚಿದ.

‘ಇಲ್ಲಿ, ಅವರ ಹೆಸರಿನ ಕೆಳಗೆ.’

ಹುಲ್ಡಾ ಲೇಖನಿ ನೋಡಿದಳು. ಅವನ ಮುಖ ನೋಡಿದಳು. ‘ನಾನು ಇಲ್ಲ ಅಂದೆ’ ಎಂದಳು.

‘ಹೌದಲ್ಲ, ಇಲ್ಲ ಅಂದ್ರಿ. ಅದನ್ನೇ ಬರ್ಕೊಂಡೆ. ಹೆದರಿಕೆ ಇಲ್ಲ, ಬಲವಂತ ಇಲ್ಲ, ಸ್ವಂತ ಇಚ್ಛೆಯಿಂದ ಒಪ್ಪಿದಾರೆ ಅಂತ.’

‘ಲೈಮನ್ ಪೆಲ್‌ಗೆ ಯಾರು ಹೆದರ್ತಾರೆ ಬಿಡಿ’ ಎಂದಳು ಅವನ ಹೆಂಡತಿ, ಮತ್ತೆ ಲಟ್ಟಿಸುತ್ತ. ‘ಚಿನ್ನದಂಥ ಮನುಷ್ಯ. ನಮ್ಮನೇದನ್ನ ನೋಡಿ, ಬೆಳಿಗ್ಗೆಯಿಂದ ಒಂದು ತುಂಡು ಸೌದೆ ತಂದಿಲ್ಲ.’

‘ಸರ್ಕಾರದ ಕೆಲಸ ಮಾಡ್ತಿದೀನಿ ಕಣೆ, ಸುಮ್ಮನಿರು’ ಎಂದ ಹ್ಯಾಸ್ಕಲ್.

ಕಾನೂನು ಬರೆದ ಗಂಡಸರ ಬುದ್ಧಿಗೆ ಏನು ಹೇಳೋಣ. ಅವರಿಗೆ ಗೊತ್ತಿದ್ದದ್ದು ಹೆದರಿಕೆ ಒಂದು, ಬಲವಂತ ಒಂದು. ಎರಡೂ ಇಲ್ಲವೆಂದಾದರೆ ಉಳಿಯುವುದು ಹೆಂಗಸಿನ ಸಂತೋಷವೇ ಎಂದು ಅವರು ಲೆಕ್ಕ ಹಾಕಿಬಿಟ್ಟಿದ್ದರು. ಆ ಮೂರೂ ಅಲ್ಲದ್ದು ಒಂದಿರುತ್ತದೆ, ಅದು ಹುಲ್ಡಾಳ ಥರ ನೆಟ್ಟಗೆ ಕೂತು ಮಡಿಲಲ್ಲಿ ಕೈ ಜೋಡಿಸಿಕೊಂಡಿರುತ್ತದೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ನನಗಂತೂ ಇದನ್ನು ಹೇಳುವಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆಗಲೂ ಹೇಳಬಹುದಿತ್ತು. ನನಗೆ ಹೋಗುವ ಮನಸ್ಸಿಲ್ಲ, ನನ್ನ ಮಗಳು ಇಲ್ಲಿದ್ದಾಳೆ, ನಾನು ಸಹಿ ಹಾಕುವುದಿಲ್ಲ. ಹ್ಯಾಸ್ಕಲ್ ಒಳ್ಳೆಯವನೇ, ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದ. ಹುಲ್ಡಾ ಆ ಮಾತನ್ನು ತನ್ನೊಳಗೆ ಹುಡುಕಿದಳು. ಹಿಟ್ಟು ಮುಗಿದ ಡಬ್ಬಿಯಲ್ಲಿ ಕೈ ಹಾಕಿ ತಡಕಾಡಿದ ಹಾಗೆ ತಡಕಾಡಿದಳು. ಕಲಿತದ್ದು ಒಂದು ಮಾತು, ಅದನ್ನು ಆಡಿ ಆಗಿತ್ತು. ಸಿಟ್ಟಾದರೂ ಇದ್ದರೆ ಅದರ ಬೆನ್ನು ಹತ್ತಿ ಮಾತು ಬರುತ್ತಿತ್ತು. ದುಃಖವಿದ್ದರೂ ಸಾಕಿತ್ತು. ಎರಡೂ ಸಿಗಲಿಲ್ಲ. ಬಾಗಿಲಾಚೆ ಲೈಮನ್ ಕೋಳಿ ಬುಟ್ಟಿಯ ಮಾತು ಹೇಳಿ ಸ್ಟೌಫರ್‌ನನ್ನು ನಗಿಸುತ್ತಿದ್ದ. ಲೇಖನಿಯ ತುದಿಯಿಂದ ಮಸಿ ಇನ್ನೇನು ತೊಟ್ಟಿಕ್ಕುವುದರಲ್ಲಿತ್ತು. ಕಾಗದ ಹಾಳಾಗುತ್ತದಲ್ಲ ಎಂದು ಅವಳ ಕೈ ಮುಂದೆ ಹೋಯಿತು. ಹುಲ್ಡಾ ಪೆಲ್ ಎಂದು ಬರೆದಳು. ಅಕ್ಷರ ದುಂಡಾಗಿತ್ತು. ‘ಎಷ್ಟು ಚೆನ್ನಾಗಿ ಬರೀತೀರಿ’ ಎಂದ ಹ್ಯಾಸ್ಕಲ್.

ಲೈಮನ್‌ಗೆ ಸ್ಟೌಫರ್ ಜೊತೆ ಇನ್ನೂ ಮಾತಿತ್ತು. ‘ಹುಲ್ಡಾ, ನೀನು ಜಿಲ್ಫಾ ಮನೇಲಿರು, ನಾನು ಬಂಡಿ ಹೊಡ್ಕೊಂಡು ಬಂದು ಕರ್ಕೊಂಡು ಹೋಗ್ತೀನಿ’ ಎಂದ. ಅವಳು ನಡೆದಳು. ಹಿಮ ಕರಗಿ ದಾರಿಯೆಲ್ಲ ಕೆಸರಾಗಿತ್ತು, ಹೊಲದಂಚಿನ ಗುಂಡಿಗಳಲ್ಲಿ ಕಪ್ಪೆ ಕೂಗುತ್ತಿದ್ದವು. ಮಗಳ ಮನೆ ಹತ್ತಿರವಾದಂತೆ ಏನು ಹೇಳಬೇಕೆಂದು ಯೋಚಿಸಲು ನೋಡಿದಳು. ಕಪ್ಪೆಯ ಸದ್ದು ಮಾತ್ರ ಕೇಳುತ್ತಿತ್ತು.

ಜಿಲ್ಫಾ ಬೇಲಿಯ ಹತ್ತಿರ ನಿಂತು ಕಾಯುತ್ತಿದ್ದಳು. ಶಾಲು ಹೊದ್ದಿರಲಿಲ್ಲ.

‘ಹೇಳಿದ್ಯಾ?’

‘ಹೇಳಿದೆ.’

‘ಇಲ್ಲ ಅಂತ?’

‘ಇಲ್ಲ ಅಂತಲೇ ಅಂದೆ.’

ಜಿಲ್ಫಾ ಬೇಲಿಯ ಕಂಬ ಹಿಡಿದುಕೊಂಡಳು. ಆಮೇಲೆ ತಾಯಿಯನ್ನು ತಬ್ಬಿಕೊಂಡಳು. ಹೊಟ್ಟೆ ಅಡ್ಡ ಬಂತು, ಪಕ್ಕದಿಂದ ತಬ್ಬಿಕೊಂಡಳು. ‘ನನ್ನಮ್ಮ, ನೀನು ಹೇಳ್ತೀಯ ಅಂತ ನನಗೆ ನಂಬಿಕೆ ಇರಲಿಲ್ಲ ಕಣೆ’ ಎಂದಳು. ‘ರಾತ್ರಿಯೆಲ್ಲ ಈಬೆನ್ ಹತ್ರ ಅದೇ ಹೇಳ್ತಿದ್ದೆ, ನಮ್ಮಮ್ಮನ ಬಾಯಿಂದ ಬರಲ್ಲ ಅಂತ. ಬಾ, ಒಳಗೆ ಬಾ. ಚಳೀಲಿ ನಿಲ್ಲಿಸಿದೀನಿ ನಿನ್ನ.’

ಒಳಗೆ ಕೂರಿಸಿ, ಒದ್ದೆ ಬೂಟು ಬಿಚ್ಚಿಸಿ, ಒಲೆಯ ಮೇಲೆ ನೀರಿಟ್ಟಳು. ಕೈಗೆ ಬಾಯಿಗೆ ಪುರುಸೊತ್ತಿಲ್ಲ. ತೊಟ್ಟಿಲು ಈ ಮೂಲೆಯಲ್ಲಿ, ನೀನು ಬಂದಾಗ ಕೂರೋ ಕುರ್ಚಿ ಅದರ ಪಕ್ಕ. ಹೆಣ್ಣಾದರೆ ರೂತ್ ಅಂತ ಇಡೋಣ ಅಂತ ಈಬೆನ್ ಹೇಳ್ತಾನೆ, ನಿನಗೆ ಸಂಕಟ ಆಗುತ್ತಾ? ಆಗೋದಾದರೆ ಬೇಡ. ಅಪ್ಪ ನಾಲ್ಕು ದಿನ ಮುಖ ಊದಿಸಿಕೊಂಡಿರ್ತಾರೆ, ಆಮೇಲೆ ಮಗು ಮುಖ ನೋಡಿ ಸರಿಹೋಗ್ತಾರೆ. ಹುಲ್ಡಾ ಒಂದೊಂದಕ್ಕೂ ‘ಹೂಂ’ ಎನ್ನುತ್ತಿದ್ದಳು. ಹೇಳಬೇಕು, ಈಗ ಹೇಳಬೇಕು ಎಂದು ಅವಳಿಗೆ ಗೊತ್ತಿತ್ತು. ಮಗಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹೇಳುತ್ತೇನೆ ಎಂದುಕೊಂಡಳು. ಜಿಲ್ಫಾ ನಿಲ್ಲಿಸಲಿಲ್ಲ.

‘ಈಬೆನ್‌ಗೆ ಹೇಳಿಬರ್ತೀನಿ ತಡಿ’ ಎಂದು ಕೊಟ್ಟಿಗೆಯ ಕಡೆ ಹೊರಟಳು. ಬಾಗಿಲು ತೆರೆದೇ ಇತ್ತು. ಹುಲ್ಡಾ ಕುರ್ಚಿಯಿಂದಲೇ ನೋಡುತ್ತಿದ್ದಳು. ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡು ಬೇಗ ಬೇಗ ನಡೆಯುತ್ತಿದ್ದ ಮಗಳು ಅಂಗಳದ ನಡುವೆ ನಿಂತಳು. ಲೈಮನ್‌ನ ಬಂಡಿ ಒಳಗೆ ಬಂತು. ಅವನು ಹಾಡಿಕೊಂಡೇ ಇಳಿದ, ಮಗಳ ತಲೆ ಸವರಿದ, ಏನೋ ಹೇಳಿದ, ನಕ್ಕ. ಕೊಟ್ಟಿಗೆಯಿಂದ ಬಂದ ಈಬೆನ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಜಿಲ್ಫಾ ತಿರುಗಿ ಬಂದು ಬಾಗಿಲಲ್ಲಿ ನಿಂತಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

‘ಸಹಿ ಆಯ್ತು ಅಂತಿದಾರೆ ಅಪ್ಪ.’

‘ಹೂಂ.’

‘ಇಲ್ಲ ಅಂದೆ ಅಂದ್ಯಲ್ಲಮ್ಮ.’

‘ಅಂದೆ ಕಣೆ. ನಿನ್ನಾಣೆ ಅಂದೆ. ಅವರು ಕೇಳಿದ್ದು ಬೇರೆ. ಗಂಡನ ಹೆದರಿಕೆ ಇದೆಯಾ ಅಂದ್ರು. ಇಲ್ಲ ಅಂದೆ.’

ಜಿಲ್ಫಾಗೆ ಅದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ‘ಹಾಗಲ್ಲ ಅಂತ ಹೇಳೋದಲ್ವಾ? ನನಗೆ ಹೋಗೋಕೆ ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಹೇಳೋದಲ್ವಾ? ಸಹಿ ಯಾಕಮ್ಮ ಹಾಕಿದೆ?’

ಹುಲ್ಡಾ ಯೋಚಿಸಿದಳು. ಮಗಳಿಗೆ ನಿಜ ಹೇಳಬೇಕೆಂದು ನಿಜವಾಗಿಯೂ ಯೋಚಿಸಿದಳು.

‘ಲೇಖನಿ ಕೈಗೆ ಕೊಟ್ರು’ ಎಂದಳು.

ಜಿಲ್ಫಾ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅಳತೊಡಗಿದಳು. ಚಿಕ್ಕವಳಿದ್ದಾಗ ಬಂಡಿಯ ಹಿಂಬದಿಯಲ್ಲಿ ಕೂತು ಅಳುತ್ತಿದ್ದ ಹಾಗೆ ಬಾಯಿ ಬಿಟ್ಟು ಅತ್ತಳು. ಹುಲ್ಡಾ ಬರಿಗಾಲಲ್ಲಿ ಎದ್ದು ಹೋಗಿ ಪಕ್ಕದಲ್ಲಿ ಕೂತಳು. ಮಗಳ ಬೆನ್ನು ಸವರಿದಳು, ಹೆರಳಿನಿಂದ ಬಿಚ್ಚಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ತನಗೂ ಈಗ ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.